ಕಿಬ್ಬೊಟ್ಟೆಯ ನೋವು

ತಲೆನೋವು, ಸೊಂಟನೋವು, ಮಂಡಿನೋವು ಎಂದು ಹೇಳಿಕೊಳ್ಳಲು ನಮ್ಮ ಹೆಂಗಸರಿಗೆ ಯಾವ ಸಂಕೋಚವೂ ಇಲ್ಲ. ಮದುವೆಮನೆಯ ಊಟದ ಪಂಕ್ತಿಯಲ್ಲಿ ಕುಳಿತು ಪಕ್ಕದವರೊಡನೆ ಬಿ.ಪಿ., ಶುಗರ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ನೋವು ಕಿಬ್ಬೊಟ್ಟೆಯಿಂದ ಕೆಳಗೆ ಇಳಿಯಿತೆಂದರೆ ಸಾಕು, ನಮ್ಮ ಭಾಷೆಯೂ ತೊದಲತೊಡಗುತ್ತದೆ. 'ಅದು', 'ಕೆಳಗೆ', 'ಆ ಜಾಗದಲ್ಲಿ' ಎಂಬ ಸನ್ನೆಯ ಮಾತುಗಳು ಶುರುವಾಗುತ್ತವೆ. ಇರುವ ಒಂದು ಹೆಸರಾದರೂ ಎಂಥದು? ಬಿಳಿಸೆರಗು. ಸೆರಗು ಎಂದರೆ ಮುಚ್ಚಿಕೊಳ್ಳುವ ಬಟ್ಟೆ. ಕಾಯಿಲೆಗೆ ಹೆಸರಿಡುವಾಗಲೂ ಅದರ ಮೇಲೆ ಸೆರಗು ಹೊದಿಸಿಯೇ ಹೆಸರಿಟ್ಟಿದ್ದೇವೆ.

ನನ್ನ ದೊಡ್ಡಮ್ಮ ಇದಕ್ಕೆಲ್ಲ ಒಂದೇ ಕಾರಣ ಹೇಳುತ್ತಿದ್ದರು: ಉಷ್ಣ. ಎಳನೀರು, ಬಾರ್ಲಿ ಗಂಜಿ, ನೆನೆಸಿದ ಮೆಂತ್ಯ. ಅದರಿಂದ ಇಳಿಯದಿದ್ದರೆ "ಹೆಣ್ಣಾಗಿ ಹುಟ್ಟಿದ ಮೇಲೆ ಇವೆಲ್ಲ ಇದ್ದದ್ದೇ, ಅನುಭವಿಸಬೇಕು" ಎಂಬ ಕೊನೆಯ ಔಷಧ. ಎಳನೀರಿನ ಮೇಲೆ ನನಗೇನೂ ಸಿಟ್ಟಿಲ್ಲ. ತಿಂಗಳಿನ ಕೆಲವು ದಿನಗಳಲ್ಲಿ ವಾಸನೆಯಿಲ್ಲದ, ನವೆಯಿಲ್ಲದ, ತಿಳಿಯಾದ ದ್ರವ ಹೋಗುವುದು ಆರೋಗ್ಯವಂತ ದೇಹದ ಸಹಜ ಕ್ರಮವೆಂಬುದೂ ನಿಜವೇ. ಅದಕ್ಕೆ ಮದ್ದೇ ಬೇಕಿಲ್ಲ. ಆದರೆ ಬಣ್ಣ ಬದಲಾಗಿ, ದುರ್ವಾಸನೆ ಬಂದು, ಉರಿ, ನವೆ, ಕಿಬ್ಬೊಟ್ಟೆಯ ನೋವು, ಗಂಡನೊಡನೆ ಕೂಡಿದಾಗ ನೋವು ಇವೆಲ್ಲ ಸೇರಿದರೆ ಅದು ಉಷ್ಣವಲ್ಲ, ಸೋಂಕು. ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಮನೆ ಮಾಡಿವೆ ಎಂದರ್ಥ. ಇನ್ನೂ ಕೆಟ್ಟ ಸಂಗತಿಯೆಂದರೆ, ಕ್ಲಮೈಡಿಯದಂಥ ಸೋಂಕು ಹೆಚ್ಚಿನ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಸುಮ್ಮನೆ ಇದ್ದುಬಿಡುತ್ತದೆ.

ಈ ಪುರಾಣವನ್ನೆಲ್ಲ ಈಗೇಕೆ ತೆಗೆದೆ ಎನ್ನುತ್ತೀರಾ? ನಾನು ಹೇಳಹೊರಟಿರುವುದು ಗರ್ಭಪಾತಕ್ಕೆ ಬರುವ ಹೆಂಗಸಿನ ಕಥೆ. ಇದಕ್ಕೂ ನಮ್ಮಲ್ಲಿ ನೇರ ಮಾತಿಲ್ಲ. 'ತೆಗೆಸಿಕೊಂಡಳು' ಎನ್ನುತ್ತೇವೆ, ಪೇಟೆಯವರಾದರೆ 'ಕ್ಲೀನ್ ಮಾಡಿಸಿಕೊಂಡಳು'. ಈ ಕ್ಲೀನ್ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಗರ್ಭಕೋಶದ ಬಾಗಿಲಲ್ಲಿ ಗರ್ಭಕೊರಳು ಎಂಬ ಬಿಗಿಯಾದ ದ್ವಾರವಿದೆ. ಅದರೊಳಗಿನ ಅಂಟುದ್ರವ ಕಾವಲುಗಾರನಂತೆ ಕೆಲಸ ಮಾಡಿ, ಕೆಳಗಿನ ಸೋಂಕು ಮೇಲೇರದಂತೆ ಬಹುಮಟ್ಟಿಗೆ ತಡೆಯುತ್ತದೆ. ಗರ್ಭ ತೆಗೆಯಲು ಆ ದ್ವಾರವನ್ನು ಹಿಗ್ಗಿಸಿ ಉಪಕರಣವನ್ನು ಒಳಗೆ ತೂರಿಸಬೇಕು. ಅಲ್ಲಿ ಮೊದಲೇ ಸೋಂಕಿದ್ದರೆ ಉಪಕರಣ ಎಷ್ಟೇ ಶುದ್ಧವಾಗಿರಲಿ, ಕೆಳಗಿದ್ದದ್ದು ಅದರ ಜೊತೆಗೆ ಮೇಲಕ್ಕೆ ಹೋಗುತ್ತದೆ. ಗರ್ಭಕೋಶದ ಒಳಪದರ, ಅಲ್ಲಿಂದ ಅಂಡನಾಳ, ಅಲ್ಲಿಂದ ಹೊಟ್ಟೆಯೊಳಗೆ. ಮುಂದೆ ಬಾರದ ಬಸಿರು, ನಾಳದಲ್ಲೇ ಕಟ್ಟುವ ಬಸಿರು, ತೀರದ ಕಿಬ್ಬೊಟ್ಟೆ ನೋವು. ಊರಿನವರು ಮಾತ್ರ "ತೆಗೆಸಿದ ಪಾಪ ತಟ್ಟಿತು" ಎನ್ನುತ್ತಾರೆ. ತಟ್ಟಿದ್ದು ಪಾಪವಲ್ಲ, ಅವಳು ಬರುವ ಮೊದಲೇ ಅವಳೊಳಗಿದ್ದ, ಯಾರೂ ಕೇಳದ, ಯಾರೂ ನೋಡದ ಆ ಸೋಂಕು.

ಹೆಂಗಸಿನ ಒಡಲಿಗೆ ನಂಜು ಏರುವುದು ಹೇಗೆ ಎಂಬುದನ್ನು ವೈದ್ಯಲೋಕ ಕಲಿತ ಕಥೆ ಬಹಳ ದೊಡ್ಡದು. ಅದರಲ್ಲಿ ಒಂದು ಅಧ್ಯಾಯವನ್ನಾದರೂ ನೀವು ಓದಲೇಬೇಕು. ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಬಾಣಂತಿಯರು ನಂಜಿನ ಜ್ವರದಿಂದ ಸತ್ತರೆ, ಎರಡನೆಯದರಲ್ಲಿ ಸತ್ತವರು ನೂರಕ್ಕೆ 3ಕ್ಕಿಂತ ಕಡಿಮೆ. ಊರಿನ ಬಡ ಹೆಂಗಸರಿಗೆಲ್ಲ ಈ ಲೆಕ್ಕ ಗೊತ್ತಿತ್ತು. ಮೊದಲ ವಿಭಾಗಕ್ಕೆ ಸೇರಿಸಬೇಡಿರೆಂದು ಮೊಣಕಾಲೂರಿ ಬೇಡುತ್ತಿದ್ದರಂತೆ. ಪಂಡಿತರು ಮಾತ್ರ ಗಾಳಿಯ ದೋಷ, ನಾಚಿಕೆಯ ದೋಷ ಎಂದು ಬರೆಯುತ್ತ ಕುಳಿತಿದ್ದರು. ಅಲ್ಲಿದ್ದ ತರುಣ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಸತ್ಯ ಹೊಳೆದದ್ದು 1847ರಲ್ಲಿ, ಸ್ನೇಹಿತನೊಬ್ಬ ಶವಪರೀಕ್ಷೆಯಲ್ಲಿ ಚಾಕು ತಾಗಿ, ಅದೇ ಬಾಣಂತಿಯರಂತೆ ಜ್ವರ ಬಂದು ಸತ್ತಾಗ. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಕೋಣೆಗೆ ಬರುತ್ತಿದ್ದರು! ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದು ಬನ್ನಿ ಎಂದು ಆತ ಕಟ್ಟುನಿಟ್ಟು ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು.

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಕಡಿಮೆ ಜನ ಹೇಳುವ ಇನ್ನೊಂದು ತುಣುಕಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕೈ ತೊಳೆಯುವ ಕ್ರಮ ಬಂದ ಮೇಲೂ, ಆ ವಾರ್ಡಿನಲ್ಲಿ ಒಮ್ಮೆಲೇ 12 ಹೆಂಗಸರಲ್ಲಿ 11 ಮಂದಿ ಸತ್ತರು. ಮೊದಲ ಮಂಚದಲ್ಲಿ ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳಿದ್ದಳು. ಅವಳನ್ನು ಪರೀಕ್ಷಿಸಿದ ಕೈಗಳು ಸೋಪು ಹಾಕಿ ತೊಳೆದುಕೊಂಡು ಉಳಿದವರತ್ತ ಹೋಗಿದ್ದವು. ನಂಜು ಬರಲು ಹೆಣವೇ ಬೇಕಿಲ್ಲ, ಜೀವಂತ ಹೆಂಗಸಿನ ಸೋರುವ ಒಡಲಿಂದಲೂ ಅದು ಬರುತ್ತದೆ ಎಂದು ಆತನಿಗೆ ಆಗ ತಿಳಿಯಿತು. ನಮ್ಮ ಬಿಳಿಸೆರಗಿನ ಕಥೆಗೆ ಬೇಕಾದ ಪಾಠ ಇದೇ. ಆದರೆ ವೈದ್ಯರ ಕೈ ಕೊಳಕೆಂದು ಹೇಳಿದವನನ್ನು ವೈದ್ಯರು ಸಹಿಸಲಿಲ್ಲ. 1865ರಲ್ಲಿ ಸೆಮ್ಮೆಲ್‌ವೈಸ್ ಹುಚ್ಚಾಸ್ಪತ್ರೆಯಲ್ಲಿ ಸತ್ತ. ಅವನನ್ನು ಕೊಂದದ್ದೂ ನಂಜೇ.

ಕೈ ತೊಳೆಯಲು ಕಲಿತ ಮೇಲೂ, ಒಮ್ಮೆ ರಕ್ತಕ್ಕೇರಿದ ನಂಜಿಗೆ ಮದ್ದಿರಲಿಲ್ಲ. ಅದು ಬಂದದ್ದು ಇಪ್ಪತ್ತನೆಯ ಶತಮಾನದ ಮೂವತ್ತು, ನಲವತ್ತರ ದಶಕಗಳಲ್ಲಿ. ಮೊದಲು ಸಲ್ಫಾ, ಆಮೇಲೆ ಪೆನಿಸಿಲಿನ್. ಪೆನಿಸಿಲಿನ್ ಎಂದರೆ ನಮಗೆ ಯುದ್ಧಭೂಮಿಯ ಸೈನಿಕರು ನೆನಪಾಗುತ್ತಾರೆ. ಆದರೆ ಅಮೆರಿಕದಲ್ಲಿ ಅದರಿಂದ ಬದುಕಿ ಉಳಿದ ಮೊದಲ ರೋಗಿ ಗಂಡಸಲ್ಲ. ಆನ್ ಮಿಲ್ಲರ್ ಎಂಬ 33ರ ಹೆಂಗಸು. ಬಸಿರು ತಾನಾಗಿ ಜಾರಿದ ಮೇಲೆ ನಂಜೇರಿ, ತಿಂಗಳ ಕಾಲ ನ್ಯೂ ಹೇವನ್ ಊರಿನ ಆಸ್ಪತ್ರೆಯಲ್ಲಿ ಸುಡು ಜ್ವರದಲ್ಲಿ ಮಲಗಿದ್ದಳು. ಸಲ್ಫಾ ಕೈಬಿಟ್ಟಿತ್ತು, ರಕ್ತ ಕೊಟ್ಟದ್ದೂ ಫಲಿಸಿರಲಿಲ್ಲ. 1942ರ ಮಾರ್ಚ್ 14ರಂದು ಒಂದು ಚಮಚದಷ್ಟು ಪೆನಿಸಿಲಿನ್ ತರಿಸಿ ಚುಚ್ಚಿದರು. ಮರುದಿನಕ್ಕೆ ಜ್ವರ ಇಳಿಯಿತು. ಔಷಧ ಎಷ್ಟು ದುರ್ಲಭವಾಗಿತ್ತೆಂದರೆ ಆಕೆಯ ಮೂತ್ರವನ್ನು ಹಿಡಿದಿಟ್ಟು ಅದರಿಂದ ಪೆನಿಸಿಲಿನ್ನನ್ನು ಮತ್ತೆ ಬೇರ್ಪಡಿಸಿದರು. ಆಕೆ 90 ವರ್ಷ ಬದುಕಿ 1999ರಲ್ಲಿ ತೀರಿಕೊಂಡಳು. ತಾನಾಗಿ ಜಾರಿದ ಬಸಿರೋ ತೆಗೆಸಿಕೊಂಡ ಬಸಿರೋ ಎಂದು ಕ್ರಿಮಿ ಕೇಳುವುದಿಲ್ಲ. ಕೇಳುವವರು ಮನುಷ್ಯರು ಮಾತ್ರ.

ಅದೇ ಅಮೆರಿಕದ ಶಿಕಾಗೋದಲ್ಲಿ, ಕುಕ್ ಕೌಂಟಿ ಆಸ್ಪತ್ರೆಯಲ್ಲಿ, ಕಳ್ಳತನದಲ್ಲಿ ಬಸಿರು ತೆಗೆಸಿ ನಂಜೇರಿಸಿಕೊಂಡು ಬಂದ ಹೆಂಗಸರಿಗೆಂದೇ ಪ್ರತ್ಯೇಕ ವಾರ್ಡಿತ್ತು. ಪೆನಿಸಿಲಿನ್ ಬಂದು ಇಪ್ಪತ್ತು ವರ್ಷವಾದರೂ ವಾರ್ಡು ತುಂಬಿಯೇ ಇತ್ತು. ಅಂಥ ವಾರ್ಡುಗಳು ಖಾಲಿಯಾದದ್ದು 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತವನ್ನು ಹಕ್ಕೆಂದು ಒಪ್ಪಿದ ಮೇಲೆ. ಆ ತೀರ್ಪನ್ನು 2022ರಲ್ಲಿ ಅದೇ ಕೋರ್ಟು ಕಿತ್ತುಹಾಕಿದೆ.

ಇನ್ನು ನಮ್ಮ ಮನೆಯ ಮಾತು. ಮೆಕಾಲೆಯ ಕರಡಿನಿಂದ ಹುಟ್ಟಿದ 1860ರ ದಂಡಸಂಹಿತೆಯಲ್ಲಿ 312ನೆಯ ಕಲಮು ಗರ್ಭಪಾತವನ್ನು ಅಪರಾಧವೆಂದಿತು. ತಾಯಿಯ ಜೀವ ಉಳಿಸಲು ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ತಾನೇ ಮಾಡಿಕೊಂಡ ಹೆಂಗಸಿಗೂ ಜೈಲು. ಹಾಗೆಂದು ಬಸಿರು ತೆಗೆಸುವುದು ನಿಂತಿತೇ? ಎಳೆಯ ವಿಧವೆಯರ ಗತಿ ನೋಡಲಾರದೆ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ 1863ರಲ್ಲಿ ಅವರ ಗುಟ್ಟಿನ ಹೆರಿಗೆಗಾಗಿ ಮನೆ ತೆರೆದರು ಎಂಬುದೊಂದೇ ಸಾಕು, ಆ ಕಾಲದ ಹಿತ್ತಲುಗಳಲ್ಲಿ ಏನು ನಡೆಯುತ್ತಿತ್ತೆಂದು ಊಹಿಸಲು. ಎಕ್ಕದ ಕಡ್ಡಿಯ ಮಾತನ್ನು ನಮ್ಮ ಹಿರಿಯರು ಪಿಸುದನಿಯಲ್ಲಿ ಆಡುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. "ಮೂರೇ ದಿನದ ಜ್ವರದಲ್ಲಿ ಹೋದಳು" ಎಂದು ಮುಗಿಯುವ ಕಥೆಗಳಲ್ಲಿ ಆ ಜ್ವರ ಯಾವುದೆಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಸ್ವತಂತ್ರ ಭಾರತದ ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1966ರ ಅದರ ವರದಿಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 39 ಲಕ್ಷ ಗರ್ಭಪಾತಗಳನ್ನು ಬೇಕೆಂದೇ ಮಾಡಿಸಲಾಗುತ್ತಿತ್ತು. ಕಾನೂನಿನ ಕಣ್ಣಿಗೆ ಅವುಗಳಲ್ಲಿ ಹೆಚ್ಚಿನವೆಲ್ಲ ಅಪರಾಧ. 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯಿದೆ ಪಾಸಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 12 ವಾರದವರೆಗೆ ಒಬ್ಬ ವೈದ್ಯರ, 20 ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕು. ಒಂದು ಮಾತನ್ನು ಇಲ್ಲಿ ಒತ್ತಿ ಹೇಳುತ್ತೇನೆ, ಏಕೆಂದರೆ ಐವತ್ತು ವರ್ಷ ಕಳೆದರೂ ನಮ್ಮ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ: 18 ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಈ ಕಾಯಿದೆಗೆ ಸಾಕು. ಗಂಡನ ಸಹಿಯನ್ನು ಕಾಯಿದೆ ಕೇಳುವುದಿಲ್ಲ. ಕೇಳುವುದು ಆಸ್ಪತ್ರೆಯವರು. ಸಹಿ ತರಲು ಹೋದವಳು ಮತ್ತೆ ಬರುವಷ್ಟರಲ್ಲಿ ಎರಡು ಮೂರು ವಾರ ಕಳೆದಿರುತ್ತದೆ, ಇಲ್ಲವೇ ಅವಳು ಯಾವ ಸಹಿಯನ್ನೂ ಕೇಳದ ಕಂಪೌಂಡರನ ಬಾಗಿಲಿಗೆ ಹೋಗಿರುತ್ತಾಳೆ.

ಕಾಯಿದೆ ಬಂದದ್ದಕ್ಕೆ ಹೆಂಗಸರ ನೋವಿನಷ್ಟೇ ಜನಸಂಖ್ಯೆಯ ಚಿಂತೆಯೂ ಕಾರಣ ಎಂಬುದು ಗುಟ್ಟೇನಲ್ಲ. ಅದರ ಗುರುತು ಆಸ್ಪತ್ರೆಗಳಲ್ಲಿ ಬಹುಕಾಲ ಉಳಿಯಿತು. ತೆಗೆಯುತ್ತೇವೆ, ಆದರೆ ಆಪರೇಷನ್ ಮಾಡಿಸಿಕೊ, ಇಲ್ಲವೇ ಕಾಪರ್-ಟಿ ಹಾಕಿಸಿಕೊ ಎಂಬ ಷರತ್ತು. ಗರ್ಭಕೊರಳಿನಲ್ಲಿ ಕೀವಿದ್ದಾಗ, ಕಿಬ್ಬೊಟ್ಟೆಯಲ್ಲಿ ಸೋಂಕಿದ್ದಾಗ, ನಂಜಾದ ಗರ್ಭಪಾತದ ಬೆನ್ನಿಗೆ ಕಾಪರ್-ಟಿ ಹಾಕಬಾರದು ಎಂಬುದು ವೈದ್ಯಕೀಯದ ಮೂಲಪಾಠ. ಆದರೆ ನೋಡದೆ ಹಾಕಿದರೆ? ನೋವು ಬಂತು, ಬಿಳಿ ಹೆಚ್ಚಾಯಿತು, ಹೆಂಗಸು ಬೈದದ್ದು ಕಾಪರ್-ಟಿಯನ್ನು. ಆ ಬೈಗುಳ ಊರೆಲ್ಲ ಹಬ್ಬಿ ಇನ್ನೊಬ್ಬಳು ಅದನ್ನು ಹಾಕಿಸಿಕೊಳ್ಳದೆ ಮತ್ತೆ ಬೇಡದ ಬಸಿರಾಗಿ ಅದೇ ಮೇಜಿನ ಮೇಲೆ ಬಂದು ಮಲಗಿದಳು.

ನಮ್ಮ ಹೆಂಗಸರ ಒಡಲಲ್ಲಿ ಇರುವ ಸೋಂಕೆಷ್ಟು ಎಂದು ಎಣಿಸಲು ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಮಹಾರಾಷ್ಟ್ರದ ಕಾಡುಸೀಮೆಯಾದ ಗಡಚಿರೋಲಿಯಲ್ಲಿ ನೆಲೆಸಿದ ರಾಣಿ ಬಂಗ್ ಮತ್ತು ಅಭಯ್ ಬಂಗ್ ಎಂಬ ವೈದ್ಯ ದಂಪತಿಗೆ. ಎರಡು ಹಳ್ಳಿಗಳ 650 ಹೆಂಗಸರನ್ನು, ಕಾಯಿಲೆಯೆಂದು ಬಂದವರನ್ನಷ್ಟೇ ಅಲ್ಲ, ಏನೂ ತೊಂದರೆಯಿಲ್ಲ ಎಂದವರನ್ನೂ ಸೇರಿಸಿ ಪರೀಕ್ಷಿಸಿದರು. 1989ರ ಜನವರಿಯಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಬರಹ ಓದಿ ಜಗತ್ತು ಬೆಚ್ಚಿತು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಸರಾಸರಿ ಒಬ್ಬೊಬ್ಬಳಿಗೆ ಮೂರಕ್ಕಿಂತ ಹೆಚ್ಚು. ಅದರಲ್ಲಿ ಅರ್ಧಕ್ಕರ್ಧ ಸೋಂಕು. ಇದಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಅಂಕಿ. ಅಲ್ಲಿಯವರೆಗೆ ಒಮ್ಮೆಯಾದರೂ ಸ್ತ್ರೀರೋಗದ ಪರೀಕ್ಷೆ, ಚಿಕಿತ್ಸೆ ಕಂಡಿದ್ದವರು ನೂರಕ್ಕೆ 8. ಕುಟುಂಬ ಯೋಜನೆಯ ಗುರಿ ಮುಟ್ಟಲು ಸರ್ಕಾರದ ಜೀಪು ಆ ಹಳ್ಳಿಗಳಿಗೆ ಹೋಗುತ್ತಲೇ ಇತ್ತು. ಗರ್ಭಕೋಶ ಎಲ್ಲರಿಗೂ ಬೇಕಿತ್ತು, ಅದರ ಒಡತಿಯನ್ನು ವಿಚಾರಿಸುವವರು ಇರಲಿಲ್ಲ.

ಗಡಚಿರೋಲಿ ದೂರದ ಮಾತಾಯಿತು ಎನ್ನುವವರಿಗೆ ನಮ್ಮ ಕರ್ನಾಟಕದ ಲೆಕ್ಕವೂ ಇದೆ. 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಮ್ಮ ರಾಜ್ಯದ 3,600 ಎಳೆಯ ತಾಯಂದಿರನ್ನು ಬರಿಯ ಬಾಯಿಮಾತಿನಲ್ಲಿ ಕೇಳಿದ್ದರು. ಮೂವರಲ್ಲಿ ಒಬ್ಬಳು ಇಂಥ ಒಂದು ತೊಂದರೆಯಾದರೂ ಸದ್ಯ ಇದೆ ಎಂದಳು. ಕೇಳಿದರೆ ಹೇಳುತ್ತಾರೆ ಎಂದಾಯಿತು. ನಮ್ಮ ಡಾ. ಅನುಪಮಾ ನಿರಂಜನ ಅವರು ಹೆಂಗಸರಿಗಾಗಿಯೇ ಆರೋಗ್ಯದ ಪುಸ್ತಕಗಳನ್ನು ತಿಳಿಗನ್ನಡದಲ್ಲಿ ಬರೆದು ಮೊದಲೇ ಇದನ್ನು ಕಂಡುಕೊಂಡಿದ್ದರು. ಆ ಪುಸ್ತಕಗಳು ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಇರುತ್ತಿದ್ದವು. ಇರುತ್ತಿದ್ದವಲ್ಲ, ಅದೇ ದೊಡ್ಡದು.

ಇದನ್ನೆಲ್ಲ ಕೂಡಿಸಿ ನೋಡಿ. ಹತ್ತು ವರ್ಷದಿಂದ ಬಿಳಿಸೆರಗು ಹೊತ್ತ ಹೆಂಗಸು ಅದಕ್ಕಾಗಿ ಯಾವತ್ತೂ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಲ್ಲ. ಬೇಡದ ಬಸಿರು ನಿಂತಾಗ ಮಾತ್ರ ಬರುತ್ತಾಳೆ, ಬೇರೆ ದಾರಿಯಿಲ್ಲದೆ. ಅವಳ ಜೀವಮಾನದಲ್ಲಿ ಲೇಡಿ ಡಾಕ್ಟರೊಬ್ಬರು ದೀಪದ ಬೆಳಕಿನಲ್ಲಿ ಅವಳ ಗರ್ಭಕೊರಳನ್ನು ಕಣ್ಣಾರೆ ನೋಡುವ ಹೊತ್ತು ಅದೊಂದೇ ಇರಬಹುದು. ಆ ಹೊತ್ತಿನಲ್ಲಿ ಅರ್ಧ ನಿಮಿಷ ನಿಂತು, "ಏನಮ್ಮ, ಇದು ಎಷ್ಟು ದಿನದಿಂದ ಇದೆ?" ಎಂದು ಕೇಳಿದರೆ ಒಂದು ಬಸಿರಿನ ಜೊತೆಗೆ ಒಂದು ಕಾಯಿಲೆಯೂ ಹೋಗುತ್ತದೆ. ಕೇಳದಿದ್ದರೆ ಕಾಯಿಲೆ ಮೇಲಕ್ಕೇರುತ್ತದೆ. ವ್ಯತ್ಯಾಸ ಇಷ್ಟೇ.

ಕೇಳಲು ಪುರುಸೊತ್ತಿಲ್ಲದವರಿಗೂ ವಿಜ್ಞಾನ ಒಂದು ಉಪಾಯ ಕೊಟ್ಟಿದೆ. ಉಪಕರಣದಿಂದ ಗರ್ಭ ತೆಗೆಯುವ ಮುನ್ನ ಎಲ್ಲ ಹೆಂಗಸರಿಗೂ ತಪ್ಪದೆ ಆಂಟಿಬಯೊಟಿಕ್ ಮಾತ್ರೆ ಕೊಟ್ಟರೆ ಆಮೇಲಿನ ಸೋಂಕು ನೂರಕ್ಕೆ 40ರಷ್ಟು ತಗ್ಗುತ್ತದೆ ಎಂದು, ಹಲವು ಪ್ರಯೋಗಗಳ ಲೆಕ್ಕವನ್ನು ಒಟ್ಟುಗೂಡಿಸಿದ ಅಧ್ಯಯನವೊಂದು 1996ರಲ್ಲಿ ತೋರಿಸಿತು. ಆ ಮಾತ್ರೆ ದುಬಾರಿಯದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಮಾತ್ರೆ ಸಿಗಲಿಲ್ಲವೆಂದು ಹೆಂಗಸನ್ನು ಹಿಂದಕ್ಕೆ ಕಳಿಸಬೇಡಿ ಎಂದೂ ಅದು ಸೇರಿಸುತ್ತದೆ. ಲೋಹದ ಚಮಚದಂಥ ಸಾಧನದಿಂದ ಕೆರೆಯುವ ಹಳೆಯ ಡಿ ಅಂಡ್ ಸಿ ಬಿಟ್ಟು, ಗಾಳಿಯ ಒತ್ತಡದಿಂದ ಹೀರಿ ತೆಗೆಯುವ ವಿಧಾನ ಬಳಸಿ ಎಂದೂ ಹೇಳುತ್ತದೆ. ಈ ಹೀರುವ ವಿಧಾನವನ್ನು ಚೀನಾದ ವೈದ್ಯರು ವಿವರಿಸಿ ಬರೆದದ್ದು 1958ರಲ್ಲಿ. ನಮ್ಮ ಸಣ್ಣ ಊರುಗಳಲ್ಲಿ ಅದಾದ ಐವತ್ತು ವರ್ಷದ ಮೇಲೂ ಚಮಚವೇ ರಾಜ್ಯಭಾರ ಮಾಡುತ್ತಿತ್ತು.

ನಡುವೆ ಮಾತ್ರೆ ಬಂತು. 2002ರಲ್ಲಿ ಭಾರತದಲ್ಲಿ ಮಿಫೆಪ್ರಿಸ್ಟೋನ್‌ಗೆ ಅನುಮತಿ ಸಿಕ್ಕ ಮೇಲೆ ಕಥೆಯೇ ಬದಲಾಯಿತು. 2015ರ ಒಂದು ಅಂದಾಜಿನಂತೆ ದೇಶದ ವರ್ಷದ 1 ಕೋಟಿ 56 ಲಕ್ಷ ಗರ್ಭಪಾತಗಳಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು, ಆಸ್ಪತ್ರೆಯ ಹೊರಗೆ, ಮಾತ್ರೆಯಿಂದ ಆದವು. ಸೋಂಕಿನ ದೃಷ್ಟಿಯಿಂದ ಇದು ಒಳ್ಳೆಯದೇ. ಉಪಕರಣ ಒಳಗೆ ಹೋಗುವುದಿಲ್ಲ, ಕಾವಲುಗಾರನನ್ನು ದಾಟಿ ಕೊಳೆ ಮೇಲೇರುವ ಭಯ ಬಹಳ ಕಡಿಮೆ. ಎಕ್ಕದ ಕಡ್ಡಿಯ ಕಾಲದಿಂದ ಇಲ್ಲಿಗೆ ಬಂದದ್ದು ಸಣ್ಣ ದೂರವಲ್ಲ. ಆದರೆ ಒಂದು ನಷ್ಟವೂ ಆಯಿತು, ಅದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗಂಡ ಔಷಧದ ಅಂಗಡಿಯಿಂದ ಮಾತ್ರೆ ತಂದುಕೊಡುತ್ತಾನೆ, ಅವಳು ನುಂಗುತ್ತಾಳೆ, ಎಲ್ಲ ಮುಗಿಯುತ್ತದೆ. ಜೀವಮಾನದಲ್ಲಿ ಒಮ್ಮೆಯಾದರೂ ಮೇಜಿನ ಮೇಲೆ ಮಲಗಿ ಯಾರಾದರೂ ನೋಡುವ ಆ ಒಂದು ಹೊತ್ತೂ ಕೈತಪ್ಪಿತು. ಮಾತ್ರೆ ನುಂಗಿದವಳಿಗೆ ಒಂದು ದಿನ ಮೀರಿಯೂ ಜ್ವರ ಇಳಿಯದಿದ್ದರೆ, ದುರ್ವಾಸನೆಯ ಸ್ರಾವವಿದ್ದರೆ, ಹೊಟ್ಟೆನೋವು ಏರುತ್ತಲೇ ಇದ್ದರೆ, ಗಂಟೆಗೆ ಎರಡು ಪ್ಯಾಡು ತೊಯ್ಯುವಷ್ಟು ರಕ್ತ ಎರಡು ಗಂಟೆ ಹೋದರೆ ಅಂಗಡಿಯವನು ಪ್ರಯೋಜನಕ್ಕೆ ಬಾರ. ಆಗ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಬೇಕು. 2001-03ರ ಮಾದರಿ ನೋಂದಣಿ ವರದಿಯ ಪ್ರಕಾರ ಸತ್ತ ತಾಯಂದಿರಲ್ಲಿ ನೂರಕ್ಕೆ 11 ಮಂದಿ ನಂಜಿನಿಂದ, 8 ಮಂದಿ ಗರ್ಭಪಾತದ ತೊಡಕಿನಿಂದ ಹೋದವರು. ಎರಡು ಬೇರೆ ಬೇರೆ ಕಾಲಮ್ಮುಗಳು. ಅವಳ ಒಡಲಲ್ಲಿ ಅವು ಬೇರೆಯಾಗಿರಲಿಲ್ಲ.

ಕಾಯಿದೆಯೂ ನಂಜೂ ಹೇಗೆ ಕೈಕೈ ಹಿಡಿದು ನಡೆಯುತ್ತವೆಂದು ಜಗತ್ತಿಗೆ ತೋರಿಸಿದವಳು ನಮ್ಮ ಬೆಳಗಾವಿಯ ಮಗಳು. ಸವಿತಾ ಹಾಲಪ್ಪನವರ್, 31 ವರ್ಷದ ದಂತವೈದ್ಯೆ, ಗಂಡನೊಡನೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದಳು. 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಆಸ್ಪತ್ರೆಗೆ ಹೋದಾಗ 17 ವಾರದ ಬಸಿರು. ಗರ್ಭ ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು. ನೆತ್ತಿನೀರು ಒಡೆಯಿತು. ಅಂದರೆ ಬಾಗಿಲು ತೆರೆಯಿತು, ಕಾವಲು ಹೋಯಿತು. ಹೇಗೂ ಉಳಿಯದ ಗರ್ಭವನ್ನು ತೆಗೆದುಬಿಡಿ ಎಂದು ಆಕೆ ಕೇಳಿದಳು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಆಗದು ಎಂದರು. ಭರ್ತಿಯಾದ ದಿನವೇ ತೆಗೆದ ರಕ್ತದಲ್ಲಿ ಸೋಂಕಿನ ಸುಳಿವಿತ್ತು. ಆ ವರದಿಯನ್ನು ಸಕಾಲದಲ್ಲಿ ಯಾರೂ ನೋಡಲಿಲ್ಲವೆಂದು ಆಮೇಲಿನ ವಿಚಾರಣೆಯಲ್ಲಿ ಹೊರಬಂತು. 24ರಂದು ನಂಜು ರಕ್ತಕ್ಕೇರಿದೆ ಎಂದು ಗೊತ್ತಾಯಿತು. ಅಂದೇ ಗರ್ಭ ತಾನಾಗಿ ಜಾರಿತು. 28ರಂದು ಸವಿತಾ ತೀರಿಕೊಂಡಳು.

ನಮಗೆ 1860ರ ದಂಡಸಂಹಿತೆ ಕೊಟ್ಟ ಅದೇ ಬ್ರಿಟಿಷರು 1861ರಲ್ಲಿ ತಮ್ಮಲ್ಲಿ ಮಾಡಿಕೊಂಡ ಕಾಯಿದೆ ಐರ್ಲೆಂಡಿನಲ್ಲಿ ಸವಿತಾ ಸತ್ತ ದಿನವೂ ಜೀವಂತವಾಗಿತ್ತು. ಜೊತೆಗೆ ಭ್ರೂಣದ ಜೀವವನ್ನು ತಾಯಿಯ ಜೀವಕ್ಕೆ ಸಮವೆಂದ 1983ರ ಸಂವಿಧಾನ ತಿದ್ದುಪಡಿ. ಸವಿತಾ ತವರಿನಲ್ಲಿದ್ದಿದ್ದರೆ 17ನೆಯ ವಾರದಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭ ತೆಗೆಯಲು ನಮ್ಮ ಕಾಯಿದೆ ಅಡ್ಡಿಯಾಗುತ್ತಿರಲಿಲ್ಲ. ಹಾಗೆಂದು ನಾವು ಮೀಸೆ ತಿರುವಬೇಕಿಲ್ಲ. ಅವರಲ್ಲಿ ಕಾಯಿದೆ ಕೊಂದದ್ದನ್ನು ನಮ್ಮಲ್ಲಿ ಕಾಯಿದೆ ಇದ್ದೂ ಗುಟ್ಟು ಕೊಲ್ಲುತ್ತದೆ. ಆದರೆ ಐರಿಷ್ ಜನರ ಒಂದು ದೊಡ್ಡತನವನ್ನು ಹೇಳಬೇಕು. ಪರದೇಶದಿಂದ ಬಂದ ಆ ಕನ್ನಡತಿಯ ಸಾವನ್ನು ಅವರು ಮರೆಯಲಿಲ್ಲ. 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ 66 ಮಂದಿ ಆ ತಿದ್ದುಪಡಿಯನ್ನು ಕಿತ್ತುಹಾಕಲು ಮತ ಹಾಕಿದರು. ಡಬ್ಲಿನ್ನಿನ ಗೋಡೆಯೊಂದರಲ್ಲಿ ಬರೆದ ಸವಿತಾಳ ಚಿತ್ರದ ಸುತ್ತ ಕ್ಷಮೆ ಕೇಳುವ ಚೀಟಿಗಳನ್ನು ಅಂಟಿಸಿ ಹೋದರು. ಮತ ಹಾಕಿ ಎಂದು ಬೆಳಗಾವಿಯಿಂದ ಆಕೆಯ ತಂದೆಯೂ ಕೇಳಿಕೊಂಡಿದ್ದರು.

ನಮ್ಮಲ್ಲೂ ಕಾಯಿದೆ 2021ರಲ್ಲಿ ಸಡಿಲವಾಗಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೂ ಅವಕಾಶವಿದೆ. ಮದುವೆಯಾಗದವರನ್ನು ಹೊರಗಿಡುವಂತಿಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸೋಂಕಿನ ವಿಷಯಕ್ಕೂ ಏನೂ ಆಗಿಲ್ಲವೆಂದಲ್ಲ. 1997ರಲ್ಲಿ ಶುರುವಾದ ತಾಯಿ-ಮಕ್ಕಳ ಆರೋಗ್ಯದ ಹೊಸ ಕಾರ್ಯಕ್ರಮದಲ್ಲಿ ಜನನಾಂಗದ ಸೋಂಕಿನ ಹೆಸರೂ ಮೊದಲ ಬಾರಿಗೆ ಸೇರಿತು. ಆಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಕೋಣೆಗಳು ತೆರೆದವು. ಓದು ಬಾರದವರಿಗೂ ಗುರುತಾಗಲೆಂದು ಅಲ್ಲಿನ ಔಷಧದ ಪೊಟ್ಟಣಗಳಿಗೆ ಬಣ್ಣ ಕೊಟ್ಟರು. ಬಿಳಿಸೆರಗಿಗೆ ಹಸಿರು, ಕಿಬ್ಬೊಟ್ಟೆಯ ನೋವಿಗೆ ಹಳದಿ, ಅಂಥವಳ ಗಂಡನಿಗೆ ಬೂದು. ಹೆಂಗಸಿಗೆ ಮಾತ್ರ ಮದ್ದು ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಅವನಿಂದ ಮತ್ತೆ ಅವಳಿಗೆ ಬರುತ್ತದೆ ಎಂಬ ಸರಳ ಲೆಕ್ಕ. ಅವಳ ಹಳದಿ ಪೊಟ್ಟಣ 14 ದಿನದ್ದು, ಅವನ ಬೂದು ಪೊಟ್ಟಣ ಒಂದೇ ಹೊತ್ತಿನದು. ಆ ಒಂದು ಹೊತ್ತಿನದನ್ನು ನುಂಗಿಸುವುದೇ ಕಷ್ಟ.

ನಮ್ಮ ಬೀದಿಗೆ ಹೂ ತರುವಾಕೆಗೆ ಮೂರು ಮಕ್ಕಳು. ನಾಲ್ಕನೆಯದು ಬೇಡವೆಂದು ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆಸಿಕೊಂಡಿದ್ದಳು. ವಾರದ ಮೇಲೆ ಕಿಬ್ಬೊಟ್ಟೆ ನೋವೆಂದು ಮತ್ತೆ ಹೋದಾಗ ನರ್ಸಮ್ಮ, "ಮುಂಚಿನಿಂದಲೂ ಬಿಳಿ ಹೋಗ್ತಿತ್ತಾ?" ಎಂದು ಕೇಳಿದರಂತೆ. ನಾಲ್ಕು ವರ್ಷದಿಂದ ಎಂದಳಂತೆ ಇವಳು. ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದಳಂತೆ. ಹಳದಿ ಪೊಟ್ಟಣದ ಜೊತೆ ಬೂದು ಪೊಟ್ಟಣವನ್ನೂ ಕೊಟ್ಟು ಕಳಿಸಿದರು. ಗಂಡ ಹಾರಾಡಿದ, ನನಗೇನು ರೋಗ ಎಂದ.

"ಆಮೇಲೆ ಏನು ಮಾಡಿದೆ?" ಎಂದೆ ನಾನು.

ಅವಳು ಮೊಳ ಹಾಕುತ್ತಿದ್ದ ಕೈ ನಿಲ್ಲಿಸಲಿಲ್ಲ. "ಏನ್ ಮಾಡ್ಲಿ ಅಕ್ಕಾ, ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡ್ಲಿಲ್ಲ. ಮೊದ್ಲು ಮಾತ್ರೆ, ಆಮೇಲೆ ಕಾಫಿ ಅಂದೆ. ಒಂದು ಗಂಟೆ ಕೂತಿದ್ದ. ಆಮೇಲೆ ನುಂಗ್ದ."